ಬಹುವಚನದ ದಣಿವು

ಕೀಲಿಯನ್ನು ಬಲಕ್ಕೆ ಹೊರಳಿಸಿದಾಗ ಎಂಜಿನ್ನಿನ ಸದ್ದು ತುಸು ಸೊರಗಿತು. ಎಡಕ್ಕೆ ಹೊರಳಿಸಿದಾಗ ಸೊರಗಲಿಲ್ಲ. ಮೀಟರಿನ ಮುಳ್ಳು ನಿಂತಲ್ಲೇ ನಿಂತಿತ್ತು.

“ನೀನಾದ್ರೂ ಗಟ್ಟಿಯಾಗಿದೀಯಲ್ಲ, ಅಷ್ಟು ಸಾಕು,” ಎಂದು ಅವಳು ವಿಮಾನಕ್ಕೆ ಹೇಳಿದಳು.

ಅದು ದಣಿದವರು ಮಾಡುವ ತಪ್ಪು. ಆ ಪುಟ್ಟ ವಿಮಾನದ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳು ಎರಡು. ಒಂದು ಕೈಕೊಟ್ಟರೆ ಇನ್ನೊಂದು ಕಾಪಾಡಲಿ ಎಂದು. ಹೊರಡುವ ಮೊದಲು ಒಂದನ್ನು ಆರಿಸಿ ಇನ್ನೊಂದನ್ನು ಪರೀಕ್ಷಿಸಬೇಕು, ಆಮೇಲೆ ಅದನ್ನು ಆರಿಸಿ ಇದನ್ನು. ಕೀಲಿ ಬಲಕ್ಕೆ ಹೊರಳಿದರೆ ಎಡಗಡೆಯದು ಆರಬೇಕು, ಎಡಕ್ಕೆ ಹೊರಳಿದರೆ ಬಲಗಡೆಯದು. ಜೊತೆಯದು ಆರಿದಾಗ ಉಳಿದದ್ದಕ್ಕೆ ಭಾರ ತಿಳಿಯಲೇಬೇಕು. ಮುಳ್ಳು ಇಳಿಯಲೇಬೇಕು. ಇಳಿಯದಿದ್ದರೆ ಅದು ಗಟ್ಟಿತನವಲ್ಲ. ಆರಿಸಿದ್ದು ಆರಿಲ್ಲವೆಂದು ಅರ್ಥ.

ಇದೆಲ್ಲ ಅವಳಿಗೆ ತಿಳಿಯದ್ದೇನಲ್ಲ. ವಿಮಾನ ನಡೆಸುತ್ತಲೇ ಅವಳ ತಲೆಯ ಮುಂದಿನ ಕೂದಲು ಬೆಳ್ಳಗಾಗಿತ್ತು. ಗುಡ್ಡಗಾಡಿನ ಆಸ್ಪತ್ರೆಗಳಿಗೆ ಔಷಧಿಯ ಪೆಟ್ಟಿಗೆ ಹೊತ್ತು ಹೋಗಿ ಬರುವುದು ಅವಳ ಕೆಲಸ. ಆ ವಾರ ಜೊತೆಯ ಪೈಲಟ್ ಜ್ವರದಿಂದ ಮಲಗಿದ್ದ. ಅವನ ಪಾಲಿನ ಹಾರಾಟವೂ ಇವಳ ತಲೆಗೇ ಬಂದಿತ್ತು. ಕಣ್ಣು ಮುಳ್ಳನ್ನು ನೋಡಿತು, ಮನಸ್ಸು ನೋಡಲಿಲ್ಲ.

ಅಷ್ಟರಲ್ಲಿ ಆಸ್ಪತ್ರೆಯ ವ್ಯಾನು ದಾರಿಯಲ್ಲಿ ಕೆಟ್ಟು ನಿಂತಿದೆ, ಪೆಟ್ಟಿಗೆ ಬರುವುದು ತಡ ಎಂದು ರೇಡಿಯೊದಲ್ಲಿ ತಿಳಿಸಿದರು. ಅವಳು ಇಂಧನ ನಿಲ್ಲಿಸಿ, ಎಂಜಿನ್ ನಿಂತ ಮೇಲೆ ಕೀಲಿ ತೆಗೆದು, ಕೆಳಗಿಳಿದಳು.

ಮುಂದಿನ ಪ್ರೊಪೆಲ್ಲರ್ ನೆಟ್ಟಗೆ ನಿಂತಿತ್ತು. ಅದನ್ನು ಅಡ್ಡಕ್ಕೆ ತಿರುಗಿಸಿ ಬಿಡುವುದು ಅವಳ ಗಂಡನ ರೂಢಿ. “ಸುಸ್ತಾದವರು ಯಾರಾದ್ರೂ ನಿಂತ್ಕೊಂಡು ಮಲಗ್ತಾರಾ?” ಎನ್ನುತ್ತಿದ್ದ. ಅವನೂ ಇದೇ ವಿಮಾನ ನಡೆಸುತ್ತಿದ್ದವನು. ಮೂರು ವರ್ಷದ ಕೆಳಗೆ, ಒಂದು ಮಧ್ಯಾಹ್ನ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಒರಗಿದ, ಭಗವಂತ ಕರೆದುಕೊಂಡ. ಅವನು ಬಿಟ್ಟುಹೋದ ರೂಢಿಯನ್ನು ಇವಳು ಬಿಟ್ಟಿರಲಿಲ್ಲ. ಕೈ ಎತ್ತಿ ಪ್ರೊಪೆಲ್ಲರಿನತ್ತ ಹೋದಳು.

“ಮುಟ್ಟಬೇಡ ಕಣೇ!”

ಹ್ಯಾಂಗರಿನ ಬಾಗಿಲಿಂದ ಕೂಗು ಬಂತು. ಕೂಗಿನ ಹಿಂದೆಯೇ ಮನುಷ್ಯ ಬಂದ. ಕೈಯಲ್ಲಿದ್ದ ಚಹಾದ ಲೋಟ ಎಲ್ಲೋ ಬಿದ್ದು ಉರುಳಿತು. ಅವನು ಅವಳ ಮುಂಗೈ ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ಇಬ್ಬರೂ ರೆಕ್ಕೆಯ ಆಸರೆಯ ಕಂಬಕ್ಕೆ ತಾಗಿ ನಿಂತರು.

“ಎಡಕ್ಕೆ ಹಾಕಿದಾಗ ಸದ್ದು ಕುಗ್ಗಲಿಲ್ಲ,” ಅವನು ಏದುಸಿರು ಬಿಡುತ್ತ ಹೇಳಿದ. “ಕೀಲಿ ತೆಗೆದ್ರೂ ಬಲಗಡೇದು ಆರಿಲ್ಲ. ಕೈ ಹಾಕಿದ್ರೆ ಹೊತ್ಕೊಳ್ತಿತ್ತು. ಎಂಜಿನ್ ಒಂದೇ ಒಂದು ಸುತ್ತು ಹೊಡೆದಿದ್ರೂ...”

ಅವಳು ಪ್ರೊಪೆಲ್ಲರಿನ ಅಂಚನ್ನು ನೋಡಿದಳು, ಆಮೇಲೆ ತನ್ನ ಕೈಯನ್ನು ನೋಡಿದಳು. ಅವನ ಬೆರಳುಗಳು ಅವಳ ಮುಂಗೈ ಮೇಲೆ ಇನ್ನೂ ಇದ್ದವು. ಅದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಅವನು ಬಿಸಿ ಪಾತ್ರೆ ಬಿಟ್ಟವನ ಹಾಗೆ ಕೈ ಬಿಟ್ಟ.

ಅವನು ಆ ವಿಮಾನ ನಿಲ್ದಾಣದ ಮೆಕ್ಯಾನಿಕ್. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಅವಳ ಗಂಡನಿದ್ದಾಗ ಮೇಸ್ತ್ರಿ ಅವನನ್ನು “ಸಾರ್”, ಇವಳನ್ನು “ಮೇಡಂ” ಎನ್ನುತ್ತಿದ್ದ. ಗಂಡ ಹೋದ ಮೇಲೂ ಮೇಡಮ್ಮೇ. “ಎಣ್ಣೆ ನೋಡಿದೀನಿ ಮೇಡಂ.” “ಚಕ್ರಕ್ಕೆ ಗಾಳಿ ಹಾಕಿದೀನಿ ಮೇಡಂ.” ಅದಕ್ಕಿಂತ ಹೆಚ್ಚು ಮಾತಾಡಿದವನಲ್ಲ. ಮದುವೆಯಾಗಿರಲಿಲ್ಲ. ಹ್ಯಾಂಗರಿನ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟೌ, ಕಿಟಕಿಯಲ್ಲಿ ಒಂದು ಗಿಡ. ಬರುವ ಭಾನುವಾರ ಆ ಕೋಣೆಯನ್ನೂ ಖಾಲಿ ಮಾಡಿ ಕಡಲ ಕಡೆಯ ದೊಡ್ಡ ನಿಲ್ದಾಣದ ಕೆಲಸಕ್ಕೆ ಹೋಗುವವನಿದ್ದ. ಆ ಸುದ್ದಿಯನ್ನು ಅವನು ಅವಳಿಗೆ ಹೇಳಿರಲಿಲ್ಲ. ಇಂಧನದ ಗಾಡಿಯವನಿಂದ ತಿಳಿದಿತ್ತು. ಅವಳು “ಒಳ್ಳೇದಾಯ್ತು” ಅಂದಿದ್ದಳು. ಮನೆಗೆ ಹೋಗುವ ದಾರಿಯಲ್ಲಿ ಕಾರಣವಿಲ್ಲದೆ ಬಸ್ಸು ತಪ್ಪಿಸಿಕೊಂಡಿದ್ದಳು.

ಆ ಇಂಧನದ ಗಾಡಿಯವನು, ಪೆಟ್ರೋಲಣ್ಣ, ಈಗ ಗಾಡಿಯ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ.

“ಏನ್ ಮೇಸ್ತ್ರಿ, ಇಷ್ಟು ವರ್ಷದಲ್ಲಿ ನೀವು ಓಡಿದ್ದನ್ನ ಇವತ್ತೇ ನೋಡಿದ್ದು! ಹೋದ ಸಲ ಹ್ಯಾಂಗರಿಗೆ ಬೆಂಕಿ ಬಿದ್ದಾಗಲೂ ನಡ್ಕೊಂಡೇ ಬಂದಿದ್ರಿ.”

“ನಿನ್ನ ಕೆಲಸ ನೋಡ್ಕೋ ಹೋಗು.”

“ನೋಡ್ತಾನೇ ಇದೀನಿ. ಕಣ್ತುಂಬ ನೋಡ್ತಾ ಇದೀನಿ.”

ಮೇಸ್ತ್ರಿಯ ಕಿವಿ ಕೆಂಪಾಯಿತು. ಅವನು ಎಂಜಿನ್ನಿನ ಮುಚ್ಚಳ ತೆಗೆದು ಅದರೊಳಗೆ ತಲೆ ಹಾಕಿಬಿಟ್ಟ.

ಅವಳು ರೆಕ್ಕೆಯ ನೆರಳಿನಲ್ಲಿ ಕೂತಳು. ಸಾವು ಅಷ್ಟು ಹತ್ತಿರ ಬಂದು ಹೋಗಿತ್ತು. ಆದರೆ ಅವಳ ಕಿವಿಯಲ್ಲಿ ಉಳಿದದ್ದು ಸಾವಿನ ಮಾತಲ್ಲ. ಕಣೇ. ಆ ಒಂದು ಶಬ್ದ. ಗಂಡ ಹೋದಂದಿನಿಂದ ಸಮವಯಸ್ಕರು ಯಾರೂ ಅವಳನ್ನು ಏಕವಚನದಲ್ಲಿ ಕರೆದಿರಲಿಲ್ಲ. ಆಫೀಸಿನಲ್ಲಿ ಬನ್ನಿ, ಅಂಗಡಿಯಲ್ಲಿ ಬನ್ನಿ, ನೆರೆಮನೆಯಲ್ಲಿ ಬನ್ನಿ ಕೂತ್ಕೊಳ್ಳಿ. ಗಂಡ ಸತ್ತ ಹೆಂಗಸಿಗೆ ಜನ ಕೊಡುವ ಮರ್ಯಾದೆ ಬಾಗಿಲ ಚಿಲಕದ ಹಾಗೆ. ಹಾಕಿದವರು ಹೊರಗೇ ನಿಲ್ಲುತ್ತಾರೆ. ಮೂರು ವರ್ಷ ಅವಳು ಬಹುವಚನದಲ್ಲೇ ಬದುಕಿದ್ದಳು. ಎಷ್ಟು ಸುಸ್ತಾಗಿದೆ ಎಂಬುದು ಈ ಹೊತ್ತಿನ ತನಕ ತಿಳಿದಿರಲಿಲ್ಲ.

ಅವಳು ಎದ್ದು ಹೋಗಿ ಅವನ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಳು.

“ಇಲ್ಲಿ ನೋಡಿ ಮೇಡಂ. ಈ ವೈರು. ಬಲಗಡೆ ಮ್ಯಾಗ್ನೆಟೊಗೆ ಅರ್ತ್ ಕೊಟ್ಟು ಅದನ್ನ ಆರಿಸೋದು ಇದೇ. ಉಜ್ಜಿ ಉಜ್ಜಿ ಒಳಗೇ ತುಂಡಾಗಿದೆ. ಹೊರಗಡೆ ಚೆನ್ನಾಗೇ ಕಾಣುತ್ತೆ.”

“ಹೂಂ. ಹಾಗಿರೋರು ತುಂಬ ಜನ ಇದಾರೆ.”

ಅವನು ಕಣ್ಣೆತ್ತಿ ನೋಡಿದ. ಅವನ ಹುಬ್ಬಿನ ಮೇಲೆ ಎಣ್ಣೆಯ ಒಂದು ಗೆರೆ ಇತ್ತು. ಅವಳು ಟಾರ್ಚಿನ ಬೆಳಕನ್ನು ವೈರಿನ ಮೇಲಿಂದ ಕದಲಿಸಲಿಲ್ಲ, ಕಣ್ಣನ್ನು ಮಾತ್ರ ಕದಲಿಸಿದಳು.

“ಕ್ಷಮಿಸಿ ಮೇಡಂ,” ಅವನು ಮೆಲ್ಲಗೆ ಹೇಳಿದ. “ಆಗ ಬಾಯಿ ತಪ್ಪಿತು.”

“ಯಾವ ಜಾಗದಲ್ಲಿ ತಪ್ಪಿತು? ‘ಮುಟ್ಟಬೇಡ’ದಲ್ಲೋ ‘ಕಣೇ’ಯಲ್ಲೋ?”

ಅವನು ಸ್ಪಾನರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದ. “ವ್ಯಾಕರಣದಲ್ಲಿ.”

ಅವಳಿಗೆ ನಗು ಬಂತು. ತನ್ನ ನಗುವಿನ ಸದ್ದು ತನಗೇ ಪರಿಚಯವಿಲ್ಲದ ಹಾಗೆ ಕೇಳಿಸಿತು. ಅವನೂ ನಕ್ಕ, ಆದರೆ ಆ ನಗು ಬೇಗ ಆರಿತು.

“ಕೆಲಸ ಬಿಟ್ಟಿದ್ದೇ ಇದಕ್ಕೆ,” ಅಂದ.

“ಯಾವುದಕ್ಕೆ?”

“ಇಲ್ಲೇ ಇದ್ರೆ ಒಂದಲ್ಲ ಒಂದು ದಿನ ಬಾಯಿ ತಪ್ಪುತ್ತೆ ಅಂತ. ಭಾನುವಾರದ ತನಕ ಹೇಗೋ ತಳ್ಳಿದ್ರೆ ತಪ್ಪಿಸ್ಕೊಂಡುಬಿಡ್ತಿದ್ದೆ.”

ಅವನು ವೈರಿನ ತುಂಡನ್ನು ಬೆರಳಿನಲ್ಲಿ ತಿರುವುತ್ತಿದ್ದ. “ಸಾರ್ ಇದ್ದಾಗ ನನ್ನ ಮನಸ್ಸಲ್ಲಿ ಇಂಥದ್ದು ಏನೂ ಇರಲಿಲ್ಲ. ದೇವರಾಣೆ. ಆಮೇಲಿಂದ... ನೀವು ಹಾರಿದ ಮೇಲೆ ಇಳಿಯೋ ತನಕ ಒಂದು ಕೆಲಸಾನೂ ನೆಟ್ಟಗೆ ಆಗಲ್ಲ ನನಗೆ. ಆಕಾಶ ನೋಡ್ತಾ ಕೂತ್ರೆ ಯಾರು ಸಂಬಳ ಕೊಡ್ತಾರೆ? ಅಲ್ಲಿ ದೊಡ್ಡ ವಿಮಾನಗಳು. ಯಾರು ನಡೆಸ್ತಾರೆ ಅಂತಾನೂ ಗೊತ್ತಾಗಲ್ಲ. ನೆಮ್ಮದಿ.”

ಅವಳು ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿದಳು.

“ಕೈ ನೋಯ್ತಿದೆಯಾ?” ಅವನು ಕೇಳಿದ.

“ಇಲ್ಲ.”

“ನನ್ನ ಜೊತೆ ಬನ್ನಿ ಅಂತ ಕೇಳೋ ಯೋಗ್ಯತೆ ನನಗಿಲ್ಲ ಮೇಡಂ. ಆದ್ರೂ ಬಾಯಿ ಹೇಗೂ ತಪ್ಪಿದೆ, ಇನ್ನೊಂದು ಸಲ ತಪ್ಪಲಿ. ಬರ್ತೀರಾ? ಅಲ್ಲೂ ಸಣ್ಣ ವಿಮಾನ ನಡೆಸೋರು ಬೇಕಾಗಿದಾರೆ. ವಿಚಾರಿಸಿದೀನಿ.”

“ವಿಚಾರಿಸಿದೀರಾ? ಓಡಿಹೋಗೋರು ಹಿಂದೆ ಬರೋರಿಗೂ ಜಾಗ ನೋಡಿಟ್ಟಿದೀರಾ?”

“ಸುಮ್ಮನೆ ವಿಚಾರಿಸಿದ್ದು.”

ಅವಳಿಗೆ ಮತ್ತೆ ನಗು ಬರಬೇಕಿತ್ತು. ಬರಲಿಲ್ಲ. “ಮನೇಲಿ ಅತ್ತೆ ಇದಾರೆ,” ಅಂದಳು. ಅಷ್ಟೇ ಅಂದಳು.

ಅತ್ತೆಯೆಂದರೆ ತೀರಿಹೋದ ಗಂಡನ ತಾಯಿ. ಬೇರೆ ಮಕ್ಕಳಿಲ್ಲ, ಅಣ್ಣತಮ್ಮಂದಿರಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಅದರಲ್ಲಿ ಇಬ್ಬರೇ ಹೆಂಗಸರು. ಗಂಡನ ನೀಲಿ ಸ್ವೆಟರ್ ಒಂದು ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಬೆಳಿಗ್ಗೆ ಯಾರು ಮೊದಲು ಏಳುತ್ತಾರೋ ಅವರು ಅದನ್ನು ಹಾಕಿಕೊಳ್ಳುವುದು. ಅದರ ವಿಷಯವಾಗಿ ಇಬ್ಬರೂ ಒಂದು ದಿನವೂ ಮಾತಾಡಿದವರಲ್ಲ.

ಆ ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ನೆಲದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು.

“ಏನೇ ಹುಡುಗಿ, ಮುಖ ಯಾಕೆ ಹೀಗಿದೆ?” ಸೊಸೆಗೆ ನಲವತ್ತು ದಾಟಿದ್ದರೂ ಅತ್ತೆಗೆ ಅವಳು ಹುಡುಗಿಯೇ. “ಕಾಫಿ ಕುಡೀತೀಯಾ?”

“ಆಮೇಲೆ ಕುಡೀತೀನಿ.”

“ಯಾರಾದ್ರೂ ಬೈದ್ರಾ?”

“ಬೈದ್ರು ಅಂತಲೇ ಇಟ್ಕೊಳ್ಳಿ.” ಅವಳು ಎದುರಿಗೆ ಕೂತು ಒಂದು ಹಿಡಿ ಬಟಾಣಿ ತೆಗೆದುಕೊಂಡಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಪ್ರೊಪೆಲ್ಲರಿನಿಂದ ಹಿಡಿದು ಕಡಲ ಕಡೆಯ ಕೆಲಸದ ತನಕ ಎಲ್ಲವನ್ನೂ ಹೇಳಿದಳು. ಕಣೇ ಅಂದದ್ದನ್ನೂ ಹೇಳಿದಳು.

ಅತ್ತೆಯ ಹೆಬ್ಬೆರಳು ಸಿಪ್ಪೆಯ ಮೇಲೆ ನಿಂತಿತು.

“ಎಲ್ಲರ ಎದುರಿಗೇ ಅಂದನಾ?”

“ಹೂಂ.”

“ನಿನಗೆ ಸಿಟ್ಟು ಬಂತಾ?”

ಅವಳು ತಲೆ ತಗ್ಗಿಸಿದಳು. “ಇಲ್ಲ ಅತ್ತೆ.”

ಮುದುಕಿ ಮುಂದೆ ಏನೂ ಕೇಳಲಿಲ್ಲ. ಬಟಾಣಿ ಮುಗಿಯಿತು, ಅಡುಗೆಯಾಯಿತು, ಊಟವಾಯಿತು. “ಸಾರಿಗೆ ಉಪ್ಪು ಸಾಕಾ” ಎಂಬ ಮಾತೂ ಬರಲಿಲ್ಲ. ಹೇಳಬಾರದಿತ್ತು ಎಂದು ಅವಳಿಗೆ ಅನ್ನಿಸಿತು. ಒಬ್ಬನೇ ಮಗನನ್ನು ಕಳೆದುಕೊಂಡ ತಾಯಿಗೆ, ನಿನ್ನ ಸೊಸೆಯನ್ನು ಇನ್ನೊಬ್ಬ ಕರೆಯುತ್ತಿದ್ದಾನೆಂದು ಹೇಳುವುದುಂಟೇ? ನೋವು ತಿಂದವರಿಗೆ ತಿಳಿಯುತ್ತದೆ, ಇಂಥ ಮನೆಗಳಲ್ಲಿ ಮೌನಕ್ಕೂ ತೂಕವಿರುತ್ತದೆ.

ಬೆಳಿಗ್ಗೆ ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗೆ ಅತ್ತೆ ದೇವರ ಹತ್ತಿರ ಮಾತಾಡುತ್ತಿದ್ದರು. ಅವರದು ಪ್ರಾರ್ಥನೆಗಿಂತ ಜಗಳವೇ ಹೆಚ್ಚು. ನೆರೆಮನೆಯವನನ್ನು ದಬಾಯಿಸುವ ಹಾಗೆ ದೇವರನ್ನು ದಬಾಯಿಸುವರು.

“ಮಗನ್ನ ಕರ್ಕೊಂಡೆ, ಬಾಯಿ ಮುಚ್ಕೊಂಡು ಕೊಟ್ಟೆ. ಉಳಿದೋಳು ಇವಳೊಬ್ಬಳು. ಈಗ ಇವಳನ್ನೂ ಕಳಿಸು ಅಂತೀಯಲ್ಲ, ನಿನಗೇನಾದ್ರೂ...”

ಅವಳು ಮುಂದೆ ಕೇಳಲಾರದೆ ಬಾಗಿಲು ಎಳೆದುಕೊಂಡು ಹೊರಟಳು.

ನಿಲ್ದಾಣದಲ್ಲಿ ವಿಮಾನ ಸಿದ್ಧವಾಗಿತ್ತು. ಹೊಸ ವೈರು ಹಾಕಿ, ಒಂದೊಂದು ಜೋಡಣೆಯನ್ನೂ ಎಳೆದು ನೋಡಿ, ಮೇಸ್ತ್ರಿ ಕಾದು ನಿಂತಿದ್ದ. ರಾತ್ರಿ ನಿದ್ದೆ ಮಾಡಿದವನ ಮುಖವಲ್ಲ. ದುರಸ್ತಿಯಾದ ಮೇಲೆ ಮೊದಲ ಪರೀಕ್ಷೆಗೆ ಮೆಕ್ಯಾನಿಕ್ಕೂ ಪಕ್ಕದಲ್ಲಿ ಕೂತಿರಬೇಕು. ಅವನು ಹತ್ತಿ ಕೂತ. ಆ ವಿಮಾನದಲ್ಲಿ ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುತ್ತದೆ. ಇಬ್ಬರೂ ತಾಗದ ಹಾಗೆ ಕೂತರು, ಅದು ಇನ್ನೂ ಕಷ್ಟದ ಕೆಲಸ.

ಅವಳು ಕಣ್ಣು ಮುಚ್ಚಿ, ದಿನಾ ಹೇಳುವ ಒಂದು ಮಾತನ್ನು ದೇವರಿಗೆ ಹೇಳಿ, ಎಂಜಿನ್ ಹಚ್ಚಿದಳು. ಅದು ಬಿಸಿಯಾಗುವ ತನಕ ಇಬ್ಬರೂ ಮುಂದಿನ ಗಾಜನ್ನೇ ನೋಡಿದರು. ಆಮೇಲೆ ಅವಳು ವೇಗ ಏರಿಸಿ ಕೀಲಿಯನ್ನು ಬಲಕ್ಕೆ ಹೊರಳಿಸಿದಳು. ಮುಳ್ಳು ಇಳಿಯಿತು. ಎರಡೂ ಕೆಲಸ ಮಾಡುವ ಗುರುತಿಗೆ ತಂದಳು, ಏರಿತು. ಎಡಕ್ಕೆ ಹೊರಳಿಸಿದಳು.

ಸದ್ದು ಸೊರಗಿತು. ಮುಳ್ಳು ಇಳಿದು, ಇಳಿಯಬೇಕಾದಷ್ಟೇ ಇಳಿದು ನಿಂತಿತು.

“ಸರಿಯಾಗಿದೆ ಮೇಡಂ,” ಅವನ ದನಿ ಹೆಡ್‌ಫೋನಿನಲ್ಲಿ ಕಿವಿಯ ಒಳಗೇ ಕೇಳಿಸಿತು. “ಇನ್ನು ಭಯ ಇಲ್ಲ.”

ಅವಳು ಎಂಜಿನ್ ನಿಲ್ಲಿಸಿದಳು. ಪ್ರೊಪೆಲ್ಲರ್ ಎರಡು ಸಲ ತೂಗಿ ನಿಂತಿತು. ಆ ನಿಶ್ಶಬ್ದದಲ್ಲಿ ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲವೆಂದು ತಿಳಿದು, ಹೇಳಿದಳು.

“ನನ್ನ ಕೈಲಿ ಆಗಲ್ಲ ಮೇಸ್ತ್ರಿ. ನನಗೆ ಇಷ್ಟ ಇಲ್ಲ ಅಂತಲ್ಲ. ಸುಳ್ಳು ಯಾಕೆ ಹೇಳಲಿ, ನಿನ್ನೆ ಇಡೀ ದಿನ ನನಗೆ ಕೇಳಿಸ್ತಾ ಇದ್ದಿದ್ದು ನಿಮ್ಮ ಕೂಗೊಂದೇ. ಆದ್ರೆ ಅತ್ತೆಗೆ ನನ್ನ ಬಿಟ್ರೆ ಯಾರೂ ಇಲ್ಲ. ಅವರನ್ನ ಬಿಟ್ಟು ಬರೋ ಹೆಂಗಸು ನಾನಾದ್ರೆ, ಅಂಥೋಳು ನಿಮಗೂ ಬೇಡ.”

“ಬಿಟ್ಟು ಬನ್ನಿ ಅಂತ ನಾನು ಹೇಳಲಿಲ್ವಲ್ಲ.”

“ಕರ್ಕೊಂಡು ಬಂದು ಏನಂತ ಹೇಳಲಿ? ಹೋದ ಗಂಡನ ತಾಯಿ, ಇರೋ ಗಂಡನ ಮನೇಲಿ ಯಾವ ಮೂಲೇಲಿ ಕೂತ್ಕೊಳ್ಬೇಕು? ಅವರಿಗೂ ಮಾನ ಅನ್ನೋದು ಇದೆ. ನಿನ್ನೆಯಿಂದ ಒಂದು ಮಾತಾಡಿಲ್ಲ.”

ಅವನು ಹೆಡ್‌ಫೋನ್ ತೆಗೆದು, ಅದರ ವೈರನ್ನು ಅಂದವಾಗಿ ಸುತ್ತಿಟ್ಟ. ಬಾಗಿಲು ತೆರೆದು ಇಳಿದ. “ಹಾರುವಾಗ ಹುಷಾರು ಮೇಡಂ,” ಅಂದ. ಅವಳು ಅಳಲಿಲ್ಲ. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು.

ಆಗಲೇ ಪೆಟ್ರೋಲಣ್ಣನ ಗಾಡಿ ಹ್ಯಾಂಗರಿನ ಮುಂದೆ ಬಂದು ನಿಂತದ್ದು. ಅವನು ಇಳಿದು ಇನ್ನೊಂದು ಬದಿಯ ಬಾಗಿಲು ತೆರೆದು ಕೈ ಕೊಟ್ಟ. ಅಲ್ಲಿಂದ ಇಳಿದವರು ಅತ್ತೆ.

“ದಾರೀಲಿ ಕೈ ಅಡ್ಡ ಹಾಕಿ ನಿಲ್ಸಿದ್ರು,” ಪೆಟ್ರೋಲಣ್ಣ ತನ್ನ ಮೇಲೆ ತಪ್ಪಿಲ್ಲವೆನ್ನುವ ಹಾಗೆ ಹೇಳಿದ. “ಕರ್ಕೊಂಡು ಹೋಗಲ್ಲ ಅಂದ್ರೆ ಗಾಡಿ ಮುಂದೇನೇ ಕೂತ್ಕೊಳ್ತೀನಿ ಅಂದ್ರು.”

ಅವಳು ವಿಮಾನದಿಂದ ಧುಮುಕಿ ಓಡಿದಳು. “ಅತ್ತೆ! ಏನಾಯ್ತು? ಮೈ ಹುಷಾರಿಲ್ವಾ?”

“ನನಗೇನು ಧಾಡಿ. ನೀನು ಅರ್ಧ ಕೇಳಿಸ್ಕೊಂಡು ಬಾಗಿಲು ಹಾಕ್ಕೊಂಡು ಬಂದೆಯಲ್ಲ, ಉಳಿದರ್ಧ ಯಾರು ಕೇಳ್ಬೇಕು?”

“ಏನು ಉಳಿದರ್ಧ?”

“ಕಳಿಸೋದಾದ್ರೆ ಅಲ್ಲಿ ನನಗೂ ಜಾಗ ಇದೆಯಾ ವಿಚಾರಿಸಿ ಹೇಳು ಅಂದೆ ದೇವರಿಗೆ. ಅವನು ತುಟಿ ಬಿಚ್ಚಲಿಲ್ಲ. ಅವನಿಗೆ ನೂರು ಕೆಲಸ. ಅದಕ್ಕೆ ನಾನೇ ಬಂದೆ.” ಅತ್ತೆ ಸುತ್ತ ನೋಡಿ, ಮಗುಚಿಟ್ಟ ಒಂದು ಪೆಟ್ಟಿಗೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. “ಕೂಗಿದೋನು ನೀನೇನಾ?”

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಗೆ ಕೈ ಒರೆಸುತ್ತ ಮುಂದೆ ಬಂದ. “ಹೌದು.”

“ನೆನಪಿದೆ ನನಗೆ. ನನ್ನ ಮಗ ಹೋದ ದಿನ ನೀನು ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಎಲ್ಲರೂ ಒಳಗೆ ಬಂದ್ರು, ನೀನು ಬರಲಿಲ್ಲ.”

“ಒಳಗೆ ಬಂದ್ರೆ ಅಳು ಬರ್ತಿತ್ತು.”

“ಹೊರಗೆ ನಿಂತೂ ಅಳ್ತಾನೇ ಇದ್ದೆ, ನಾನು ಕಿಟಕಿಯಿಂದ ನೋಡಿದೆ.” ಅತ್ತೆ ಸೊಸೆಯ ಕಡೆ ತಿರುಗಿದರು. “ನಿನಗೆ ಇವನು ಇಷ್ಟಾನಾ? ನೆಲ ನೋಡ್ಬೇಡ, ನನ್ನ ಮುಖ ನೋಡಿ ಹೇಳು.”

ಪೆಟ್ರೋಲಣ್ಣ ಇಲ್ಲದ ಕೆಲಸ ಹುಡುಕಿಕೊಂಡು ಗಾಡಿಯ ಚಕ್ರ ನೋಡತೊಡಗಿದ. ಅವಳು ಮುದುಕಿಯ ಮುಖ ನೋಡಿದಳು. ಆ ಕಣ್ಣುಗಳು ರಾತ್ರಿಯೆಲ್ಲ ಎಚ್ಚರಿದ್ದ ಕಣ್ಣುಗಳು. ಅವುಗಳಲ್ಲಿ ಸಿಟ್ಟಿರಲಿಲ್ಲ, ಅಂಜಿಕೆ ಇತ್ತು. ಮೌನದಲ್ಲಿ ತೂಗಿದ್ದು ಅದೇ ಎಂದು ಅವಳಿಗೆ ಈಗ ತಿಳಿಯಿತು.

“ಇಷ್ಟ ಅತ್ತೆ,” ಅಂದಳು.

“ಸರಿ. ಈಗ ನೀನು ಹೇಳಪ್ಪ. ರಾತ್ರಿಯೆಲ್ಲ ಯೋಚ್ನೆ ಮಾಡಿದೆ, ತಲೆಗೆ ಹತ್ತಲಿಲ್ಲ. ಇವಳನ್ನ ನೀನು ಮದುವೆ ಆದ್ರೆ ನಾನು ನಿನಗೆ ಏನಾಗ್ಬೇಕು? ನೆಂಟಸ್ತನಕ್ಕೆ ಒಂದು ಹೆಸರು ಬೇಡ್ವಾ? ಬಂದವರು ‘ಇವರು ಯಾರು’ ಅಂತ ಕೇಳಿದ್ರೆ ಏನು ಹೇಳ್ತೀಯಾ? ಹೆಸರಿಲ್ಲದೆ ನಾನು ಯಾರ ಮನೇಲೂ ಒಂದು ಲೋಟ ನೀರು ಕುಡಿಯೋಳಲ್ಲ.”

ಮೇಸ್ತ್ರಿ ಕೆಟ್ಟ ವೈರನ್ನು ಈ ತುದಿಯಿಂದ ಆ ತುದಿಗೆ ಬೆರಳಾಡಿಸಿ ಹುಡುಕುವವನ ಹಾಗೆ ಯೋಚಿಸಿದ.

“ಇವಳಿಗೆ ನೀವು ಅತ್ತೆ,” ಅಂದ.

“ಹೂಂ.”

“ಇವಳು ನನಗೆ ಹೆಂಡತಿ ಆಗ್ತಾಳೆ.”

“ಆಗ್ತಾಳೆ ಅಂತಿಟ್ಕೋ. ಮುಂದೆ?”

“ಹೆಂಡತಿಗೆ ಅತ್ತೆ ಆಗೋರು ಗಂಡನಿಗೆ ತಾಯಿ ಅಲ್ವಾ? ಬೇರೆ ಏನಾಗೋಕೆ ಸಾಧ್ಯ?”

ಅತ್ತೆ ತುಟಿ ಅಲುಗಿಸುತ್ತ, ಬೆರಳು ಮಡಿಸುತ್ತ, ಇನ್ನೊಮ್ಮೆ ಮೊದಲಿನಿಂದ ಕೂಡಿಸಿ ನೋಡಿದರು. ಎಲ್ಲಿಯೂ ತಪ್ಪು ಸಿಕ್ಕಲಿಲ್ಲ. ಗಾಳಿಗೆ ಹ್ಯಾಂಗರಿನ ತಗಡು ಒಂದು ಸಲ ಸದ್ದು ಮಾಡಿ ಸುಮ್ಮನಾಯಿತು.

“ಹಾಗಾದ್ರೆ ಕೇಳು,” ಅಂದರು. ದನಿ ಸ್ವಲ್ಪ ಒಡೆದಿತ್ತು, ಅದನ್ನು ಮುಚ್ಚಲು ಗದರಿದರು. “ಆ ಊರಲ್ಲಿ ಮನೆ ನೋಡುವಾಗ ಮೇಲಿನ ಮಹಡಿ ನೋಡಬೇಡ. ಮೆಟ್ಟಿಲು ನನ್ನ ಕೈಲಾಗಲ್ಲ. ಅಡುಗೆಮನೆಗೆ ಬೆಳಕು ಇರ್ಬೇಕು.”

“ಆಗ್ಲಿ ಅಮ್ಮ,” ಅಂದ ಮೇಸ್ತ್ರಿ.

ಮುದುಕಿ ಕಿವಿಯ ಹಿಂದೆ ಕೈ ಇಟ್ಟುಕೊಂಡರು. “ಏನಂದೆ? ಇನ್ನೊಂದ್ಸಲ ಹೇಳು. ಎಂಜಿನ್ ಸದ್ದಲ್ಲಿ ಕೇಳಿಸ್ಲಿಲ್ಲ.”

ಆ ಬಯಲಿನಲ್ಲಿ ಆಗ ಯಾವ ಎಂಜಿನ್ನೂ ಓಡುತ್ತಿರಲಿಲ್ಲ.